ಕೊನೆಗೆ ಬಂದವರ ಸಮಯ



ಕೆಲವು ವರ್ಷಗಳ ಹಿಂದೆ ಕಾಲೇಜು ವಿದ್ಯಾರ್ಥಿಗಳ 10 ಕಿಲೋಮೀಟರ್ ಓಟವೊಂದನ್ನು ಚಿತ್ರೀಕರಿಸಲು ನಮ್ಮ ತಂಡ ಹೋಗಿತ್ತು. ಮೊದಲ ಮೂವರು ಗುರಿ ಮುಟ್ಟಿದರು, ಅವರ ಮಾತುಗಳೂ ದಾಖಲಾದವು. ನಮಗೆ ಬೇಕಿದ್ದುದು ಒಂದೂವರೆ ನಿಮಿಷದ ದೃಶ್ಯ, ಅದು ಸಿಕ್ಕಿತ್ತು. ‘ಸಾಕು, ಪ್ಯಾಕಪ್’ ಎಂದೆ. ಟ್ರೈಪಾಡನ್ನು ವ್ಯಾನಿಗೆ ಏರಿಸುತ್ತಿದ್ದಾಗ ಹುಡುಗಿಯೊಬ್ಬಳು ಓಡುತ್ತ ಬಂದಳು. ಗುರಿಯ ಬಳಿಯ ಬ್ಯಾನರನ್ನು ಆಗಲೇ ಬಿಚ್ಚಿದ್ದರು. ‘ಸರ್, ಟೈಮ್ ಬರ್ಕೊಳ್ಳೋರು ಯಾರೂ ಇಲ್ವಾ?’ ಎಂದು ಏದುಸಿರಿನಲ್ಲೇ ಕೇಳಿದಳು. ನನ್ನ ಕೈಗಡಿಯಾರ ನೋಡಿ ‘ಒಂದು ಗಂಟೆ ಇಪ್ಪತ್ತೊಂದು ನಿಮಿಷ’ ಎಂದೆ. ‘ಹೋಗ್ಲಿ ಬಿಡಿ ಸರ್, ಮುಂದಿನ ವರ್ಷ ಬರಲ್ಲ’ ಎಂದು ತನ್ನ ಚೀಲ ಹುಡುಕುತ್ತ ಹೊರಟುಹೋದಳು.

ನಾನು ವಿಜ್ಞಾನದ ಪದವೀಧರ. ಸ್ವತಃ ನಿಧಾನವಾಗಿ ಓಡುವವನು ಕೂಡ. ಅವಳಿಗೆ ಹೇಳಬಹುದಾಗಿದ್ದ ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಅದನ್ನು ಇಂದು ನಿಮಗೆ ಹೇಳುತ್ತೇನೆ.

ಓಡುವಾಗ ನಮ್ಮ ದೇಹ ಪ್ರತಿ ಕಿಲೋಮೀಟರಿಗೆ, ತೂಕದ ಪ್ರತಿ ಕಿಲೋಗ್ರಾಂಗೆ, ಸುಮಾರು 1 ಕಿಲೋಕ್ಯಾಲರಿ ಶಕ್ತಿಯನ್ನು ವ್ಯಯಿಸುತ್ತದೆ. ವೇಗ ಹೆಚ್ಚಾದರೂ ಕಡಿಮೆಯಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. (ನಡಿಗೆಯ ಲೆಕ್ಕ ಬೇರೆ.) 50 ಕಿಲೋ ತೂಕದ ಇಬ್ಬರು 10 ಕಿಲೋಮೀಟರ್ ಓಡಿದರೆ, 45 ನಿಮಿಷದಲ್ಲಿ ಮುಗಿಸಿದವರಿಗೂ 81 ನಿಮಿಷದಲ್ಲಿ ಮುಗಿಸಿದವರಿಗೂ ತಗಲುವ ಖರ್ಚು ಸುಮಾರು 500 ಕಿಲೋಕ್ಯಾಲರಿಯೇ. ಮುಂದಿನವರು ನೆರಳಲ್ಲಿ ಕುಳಿತು ಬಾಳೆಹಣ್ಣು ತಿನ್ನುತ್ತಿರುವಾಗ ಹಿಂದಿನವರು ಬಿಸಿಲಲ್ಲಿ ಇನ್ನೂ ಹೆಜ್ಜೆ ಹಾಕುತ್ತಿರುತ್ತಾರೆ, ಅಷ್ಟೇ.

ಹಾಗಾದರೆ ಉತ್ಸಾಹ ಬತ್ತುವುದೇಕೆ? ನನ್ನ ಅನುಭವದಲ್ಲಿ ಮುಖ್ಯ ಕಾರಣ ಮೊದಲ ಕಿಲೋಮೀಟರು. ಗುಂಪಿನ ಜೊತೆ ಹೊರಡುತ್ತೇವೆ, ಗುಂಪಿನ ವೇಗವನ್ನೇ ಹಿಡಿಯುತ್ತೇವೆ, ಮೂರನೆಯ ಕಿಲೋಮೀಟರಿಗೆ ಉಸಿರು ಕಟ್ಟುತ್ತದೆ. ಉಳಿದ ದಾರಿಯೆಲ್ಲ ಶಿಕ್ಷೆ. ಅಭ್ಯಾಸದ ಬಹುಪಾಲು ಓಟ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾಗುವ ವೇಗದಲ್ಲಿರಲಿ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದಕ್ಕೂ, ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಹೆಚ್ಚುವುದಕ್ಕೂ ಆ ವೇಗ ಸಾಕು. ಆದರೆ ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಕನ್ನಡಿಯಲ್ಲಿ ಕಾಣಿಸುವುದೂ ಇಲ್ಲ.

ಕಾಣಿಸುವುದು ನಾಡಿಯಲ್ಲಿ. ಬೆಳಿಗ್ಗೆ ಎಚ್ಚರವಾದೊಡನೆ, ಏಳುವ ಮೊದಲು, ಮಣಿಕಟ್ಟಿನ ಮೇಲೆ ಬೆರಳಿಟ್ಟು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓಟ ಆರಂಭಿಸಿದಾಗ ನನ್ನದು 76 ಇತ್ತು, ಎಂಟು ತಿಂಗಳ ಮೇಲೆ 64. ಒಂದು ಬಡಿತಕ್ಕೆ ಹೃದಯ ಮೊದಲಿಗಿಂತ ಹೆಚ್ಚು ರಕ್ತ ನೂಕುತ್ತಿದೆ ಎಂಬುದರ ಗುರುತು ಅದು. ಆ ಎಂಟು ತಿಂಗಳಲ್ಲಿ ನಾನು ಯಾರನ್ನೂ ಹಿಂದೆ ಹಾಕಿರಲಿಲ್ಲ. ನಿಜ ಹೇಳಬೇಕೆಂದರೆ, ಉದ್ಯಾನವನದಲ್ಲಿ ಬಿರುಸಾಗಿ ನಡೆಯುವ ಹಿರಿಯರೊಬ್ಬರು ಈಗಲೂ ನನ್ನನ್ನು ದಾಟಿಹೋಗುವುದುಂಟು.

ನನ್ನ ಕಸುಬಿಗೆ ಸಂಬಂಧಿಸಿದ ಒಂದು ಸಂಗತಿ. 1968ರ ಮೆಕ್ಸಿಕೊ ಒಲಿಂಪಿಕ್ಸಿನ ಮ್ಯಾರಥಾನನ್ನು ಇಥಿಯೋಪಿಯದ ಮಾಮೋ ವೋಲ್ಡೆ 2 ಗಂಟೆ 20 ನಿಮಿಷಗಳಲ್ಲಿ ಗೆದ್ದರು. ಟಾಂಜಾನಿಯದ ಜಾನ್ ಸ್ಟೀಫನ್ ಅಕ್ವಾರಿ ದಾರಿಯಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಗೆದ್ದವರು ಬಂದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಕುಂಟುತ್ತ ಕ್ರೀಡಾಂಗಣಕ್ಕೆ ಬಂದರು. ಓಟ ಮುಗಿಸಿದ 57 ಜನರಲ್ಲಿ ಅವರೇ ಕೊನೆಯವರು. ಪೆಟ್ಟಾದ ಕಾಲಲ್ಲಿ ನೀವು ಓಡಲೇಬೇಡಿ, ಅದಕ್ಕಾಗಿ ಈ ಉದಾಹರಣೆ ಕೊಡುತ್ತಿಲ್ಲ. ನಾನು ಬೆರಗಾಗುವುದು ಇನ್ನೊಂದಕ್ಕೆ: ಕತ್ತಲಾಗುತ್ತಿದ್ದ ಆ ಹೊತ್ತಿನಲ್ಲಿ ಅಲ್ಲೊಂದು ಕ್ಯಾಮೆರಾ ಇನ್ನೂ ಕೆಲಸ ಮಾಡುತ್ತಿತ್ತು. ಆ ದೃಶ್ಯ ಇಂದಿಗೂ ಉಳಿದಿದೆ.

ಮರುವರ್ಷ ಅದೇ ಓಟಕ್ಕೆ ಹೋದಾಗ ಒಂದು ಕ್ಯಾಮೆರಾವನ್ನು ಗುರಿಯ ಬಳಿ ಕೊನೆಯವರೆಗೂ ನಿಲ್ಲಿಸಿದೆ. ಸಮಯ ಬರೆದುಕೊಳ್ಳಲು ನಾನೇ ಪುಸ್ತಕ ಹಿಡಿದು ನಿಂತೆ. ಕೊನೆಗೆ ಬಂದವನು ಒಬ್ಬ ಹುಡುಗ, 1 ಗಂಟೆ 33 ನಿಮಿಷ. ಆ ಹುಡುಗಿ ಬಂದಿದ್ದಳೇ ಎಂದು ಸಂಘಟಕರನ್ನು ವಿಚಾರಿಸಬೇಕೆಂದುಕೊಂಡೆ. ಆದರೆ ಹಿಂದಿನ ವರ್ಷ ನಾನು ಅವಳ ಹೆಸರು ಕೇಳಿಕೊಂಡೇ ಇರಲಿಲ್ಲ.