ಪಿಂಚಣಿ: ದಿನಾಂಕದ ಆಚೆ ಮತ್ತು ಈಚೆ

(ನಿವೃತ್ತ ನೌಕರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಿವೃತ್ತ ಸರ್ಕಾರಿ ನೌಕರರು ಡಿಸೆಂಬರ್ 17ನ್ನು ‘ಪಿಂಚಣಿದಾರರ ದಿನ’ವೆಂದು ಆಚರಿಸುತ್ತಾರೆ. ಅದು ಯಾವ ನಾಯಕನ ಜನ್ಮದಿನವೂ ಅಲ್ಲ. 1982ರಲ್ಲಿ ಆ ದಿನ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು, ಅಷ್ಟೆ. ಆ ಮೊಕದ್ದಮೆಯಲ್ಲಿ ಜಗಳವಿದ್ದದ್ದು ಹಣದ ಮೊತ್ತದ ಮೇಲೆ ಎನ್ನುವುದಕ್ಕಿಂತ ಒಂದು ದಿನಾಂಕದ ಮೇಲೆ. ಅಂದಿನಿಂದ ಇಂದಿನವರೆಗೆ ಪಿಂಚಣಿಯ ಬಗ್ಗೆ ನಡೆದ ವಾದವಿವಾದಗಳನ್ನು ಸೋಸಿ ನೋಡಿದರೆ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಗೆರೆಯ ಆಚೆ ನಿಂತವರು ಯಾರು, ಈಚೆ ನಿಂತವರು ಯಾರು?

ದಯೆಯಿಂದ ಹಕ್ಕಿಗೆ

ನಮ್ಮ ನಾಡಿನ ಚರಿತ್ರೆಯಲ್ಲಿ ಪಿಂಚಣಿ ಎಂಬ ಮಾತು ಗುಮಾಸ್ತರಿಗೆ ಮಾತ್ರವಲ್ಲ, ಅರಮನೆಯವರಿಗೂ ಅಂಟಿಕೊಂಡಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರು ಕೋಟೆಗೆ ಕಳುಹಿಸಿದ ಕಂಪನಿ ಸರ್ಕಾರ ಅವರಿಗೆ ಪಿಂಚಣಿ ಗೊತ್ತುಮಾಡಿತು. ಆ ಹಣ ಕೊಡುವವರ ಮರ್ಜಿಗೆ ಸೇರಿದ್ದು. ಕೇಳುವ ಅಧಿಕಾರ ಪಡೆಯುವವರಿಗಿರಲಿಲ್ಲ. ನೌಕರರ ಪಿಂಚಣಿಗೂ ಇದೇ ದೃಷ್ಟಿ ಅಂಟಿಕೊಂಡಿತು. 1871ರ ಪಿಂಚಣಿ ಕಾಯ್ದೆಯ ಪ್ರಕಾರ ಪಿಂಚಣಿಯ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರುವವರು ಮೊದಲು ಕಲೆಕ್ಟರರ ಸರ್ಟಿಫಿಕೇಟು ತರಬೇಕಿತ್ತು. ಅದೇ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವೂ ಉಂಟು: ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ‘ಇದು ಸರ್ಕಾರದ ಔದಾರ್ಯ’ ಎಂಬ ಮನೋಭಾವ ಬೇಗ ಹೋಗಲಿಲ್ಲ. 1971ರಲ್ಲಿ ದೇವಕಿನಂದನ ಪ್ರಸಾದ್ ಎಂಬ ಬಿಹಾರದ ಶಿಕ್ಷಣ ಇಲಾಖೆಯ ಅಧಿಕಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಮನೋಭಾವವನ್ನು ತಳ್ಳಿಹಾಕಿತು. ಪಿಂಚಣಿ ಭಿಕ್ಷೆಯಲ್ಲ, ನೌಕರನ ಸ್ವತ್ತು. ಅಧಿಕಾರಿಯೊಬ್ಬರ ಇಚ್ಛೆಯಂತೆ ಅದನ್ನು ತಡೆಹಿಡಿಯಲಾಗದು ಎಂಬುದು ಆ ತೀರ್ಪಿನ ಸಾರ.

ನಕಾರಾ ಅವರ ಮೊಕದ್ದಮೆ

ಹಕ್ಕು ಎಂದಾಯಿತು, ಸರಿ. ಆದರೆ ಎಷ್ಟು? ಯಾರಿಗೆ? ಈ ಪ್ರಶ್ನೆಯನ್ನು ಎತ್ತಿದವರು ಡಿ.ಎಸ್. ನಕಾರಾ. ರಕ್ಷಣಾ ಸಚಿವಾಲಯದಲ್ಲಿ ಆರ್ಥಿಕ ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾದವರು. 1979ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪಿಂಚಣಿಯ ಲೆಕ್ಕಾಚಾರವನ್ನು ಉದಾರಗೊಳಿಸಿತು. ಆದರೆ ಹೊಸ ಲೆಕ್ಕ 1979ರ ಮಾರ್ಚ್ 31ರಂದು ಸೇವೆಯಲ್ಲಿದ್ದು ಅಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ. ಅದಕ್ಕೆ ಒಂದು ದಿನ ಮೊದಲು ಹುದ್ದೆ ಬಿಟ್ಟವನಿಗೂ ಆ ದಿನ ಬಿಟ್ಟವನಿಗೂ ಅಕ್ಕಿಯ ಬೆಲೆ ಒಂದೇ, ಔಷಧದ ಬೆಲೆ ಒಂದೇ. ಪಿಂಚಣಿ ಮಾತ್ರ ಬೇರೆ.

ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ನೇತೃತ್ವದ ಐವರ ಪೀಠದ ಪರವಾಗಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ತೀರ್ಪು ಬರೆದರು. ಪಿಂಚಣಿದಾರರೆಲ್ಲ ಒಂದೇ ವರ್ಗ. ನಿವೃತ್ತಿಯ ದಿನಾಂಕವೊಂದನ್ನೇ ಹಿಡಿದು ಅವರನ್ನು ಎರಡು ಪಾಲು ಮಾಡುವುದು ಸಂವಿಧಾನದ 14ನೆಯ ವಿಧಿಗೆ ವಿರುದ್ಧ ಎಂದರು. ಹೊಸ ಲೆಕ್ಕ ಹಳಬರಿಗೂ ಸಿಕ್ಕಿತು. ಆದರೆ ಅದು ನಿಗದಿತ ದಿನದಿಂದ ಮುಂದಕ್ಕೆ ಮಾತ್ರ, ಹಿಂದಿನ ವರ್ಷಗಳ ಬಾಕಿ ಇಲ್ಲ.

ಈ ತೀರ್ಪು ಎಲ್ಲ ಗೆರೆಗಳನ್ನೂ ಅಳಿಸಿತೆಂದು ತಿಳಿಯಬಾರದು. ಪಿಂಚಣಿಯ ಬದಲು ಭವಿಷ್ಯನಿಧಿಯನ್ನು ಆರಿಸಿಕೊಂಡಿದ್ದ ರೈಲ್ವೆ ನೌಕರರು ಇದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದಾಗ, ಅವರು ಬೇರೆಯೇ ವರ್ಗ ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇನ್ನೂ ಈಚಿನ ಮಾತೆಂದರೆ 2025ರ ಹಣಕಾಸು ಕಾಯ್ದೆ. ನಿವೃತ್ತಿಯ ದಿನಾಂಕ ಅಥವಾ ವೇತನ ಆಯೋಗದ ಶಿಫಾರಸು ಜಾರಿಗೆ ಬಂದ ದಿನಾಂಕದ ಆಧಾರದ ಮೇಲೆ ಪಿಂಚಣಿದಾರರಲ್ಲಿ ವ್ಯತ್ಯಾಸ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಉಂಟೆಂದು ಅದು ಸಾರಿತು. ಅದೂ 1972ರ ಜೂನ್ 1ರಿಂದ ಪೂರ್ವಾನ್ವಯವಾಗಿ. ಇದು ಇದ್ದ ನಿಯಮಗಳನ್ನು ಸ್ಥಿರೀಕರಿಸುವುದಷ್ಟೇ, ಈಗಿನ ಪಿಂಚಣಿಯನ್ನು ಬದಲಿಸುವುದಿಲ್ಲ ಎಂದು ವಿತ್ತ ಸಚಿವೆ ರಾಜ್ಯಸಭೆಯಲ್ಲಿ ಹೇಳಿದರು. ಆದರೂ ನಕಾರಾ ತೀರ್ಪು ಅಳಿಸಲು ನೋಡಿದ ಗೆರೆಯನ್ನು ಮತ್ತೆ ಎಳೆಯಲು ಕಾಯ್ದೆಯ ಬಲ ಈಗ ಉಂಟು.

ನೇಮಕದ ದಿನವೂ ಮುಖ್ಯ

ಈ ಶತಮಾನದಲ್ಲಿ ಗೆರೆ ನಿವೃತ್ತಿಯ ದಿನದಿಂದ ನೇಮಕದ ದಿನಕ್ಕೂ ಸರಿಯಿತು. 2004ರ ಜನವರಿ 1ರಂದು ಅಥವಾ ಅನಂತರ ಕೇಂದ್ರದ ಸೇವೆಗೆ ಸೇರಿದವರಿಗೆ, ಸೇನೆಯನ್ನು ಬಿಟ್ಟು, ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಉಂಟು. ಕರ್ನಾಟಕದಲ್ಲಿ ಆ ಗೆರೆ 2006ರ ಏಪ್ರಿಲ್ 1. ಹಳೆಯದರಲ್ಲಿ ಸರ್ಕಾರ ಇಷ್ಟು ಕೊಡುತ್ತೇನೆಂದು ಮಾತು ಕೊಡುತ್ತದೆ. ಎನ್‌ಪಿಎಸ್‌ನಲ್ಲಿ ಇಷ್ಟು ಕಟ್ಟುತ್ತೇನೆಂದು ಮಾತ್ರ ಹೇಳುತ್ತದೆ. ಕೈಗೆ ಬರುವುದು ಮಾರುಕಟ್ಟೆಯನ್ನು ಅವಲಂಬಿಸಿದೆ. ಕೇಂದ್ರದಲ್ಲಿ ನೌಕರನ ಪಾಲು ನೂರಕ್ಕೆ 10, ಸರ್ಕಾರದ ಪಾಲು 2019ರ ಏಪ್ರಿಲ್‌ನಿಂದ ನೂರಕ್ಕೆ 14.

ಗೆರೆಯ ಬಳಿ ನಿಂತವರ ಕಷ್ಟ ಯೋಚಿಸಿ. ಹುದ್ದೆಗೆ ಅರ್ಜಿ ಕರೆದದ್ದು ಹಳೆಯ ಪಿಂಚಣಿಯ ಕಾಲದಲ್ಲಿ. ಕಡತ ಮೇಜಿನಿಂದ ಮೇಜಿಗೆ ಸಾಗಿ ನೇಮಕದ ಆದೇಶ ಬಂದದ್ದು ಹೊಸ ಕಾಲದಲ್ಲಿ. ತಡ ಮಾಡಿದ್ದು ಕಚೇರಿ, ಕಳೆದುಕೊಂಡದ್ದು ನೌಕರ. 2003ರ ಡಿಸೆಂಬರ್ 22ಕ್ಕೆ ಮೊದಲು ಪ್ರಕಟವಾದ ಹುದ್ದೆಗಳಿಗೆ ಸೇರಿದವರು ಹಳೆಯ ಪಿಂಚಣಿಯನ್ನು ಆರಿಸಿಕೊಳ್ಳಲು ಕೇಂದ್ರವು 2023ರ ಮಾರ್ಚ್‌ನಲ್ಲಿ ಒಂದು ಬಾರಿಯ ಅವಕಾಶ ಕೊಟ್ಟಿತು. 2006ರ ಏಪ್ರಿಲ್‌ಗೆ ಮೊದಲಿನ ಅಧಿಸೂಚನೆಗಳಿಂದ ಆಯ್ಕೆಯಾದವರಿಗೆ ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಇಂಥದೇ ಆದೇಶ ಹೊರಡಿಸಿತು.

2025ರ ಏಪ್ರಿಲ್ 1ರಿಂದ ಕೇಂದ್ರದ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆಯೂ ಬಂದಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧ ಖಚಿತ. ಕನಿಷ್ಠ 10 ವರ್ಷ ಸೇವೆಯಿದ್ದರೆ ತಿಂಗಳಿಗೆ 10,000 ರೂಪಾಯಿಗೆ ಕಡಿಮೆಯಿಲ್ಲ. ಇದನ್ನು ಆರಿಸಿಕೊಳ್ಳುವ ಕೊನೆಯ ದಿನ ಮೊದಲು ಜೂನ್ 30 ಎಂದಿತ್ತು, ಆಮೇಲೆ ಸೆಪ್ಟೆಂಬರ್ 30, ಅನಂತರ 2025ರ ನವೆಂಬರ್ 30 ಎಂದಾಯಿತು. ಒಂದೇ ವರ್ಷದಲ್ಲಿ ಮೂರು ಗಡುವು! ಕೇಂದ್ರದ ಯೋಜನೆ ರಾಜ್ಯದ ನೌಕರರಿಗೆ ತಾನಾಗಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ಹೋಟೆಲಿನ ಮೇಜಿನ ಸುತ್ತ ಹುಟ್ಟುವ ಅರ್ಧದಷ್ಟು ಗೊಂದಲಕ್ಕೆ ಇದನ್ನು ಮರೆಯುವುದೇ ಕಾರಣ.

ಹದಿನೈದು ವರ್ಷದ ಲೆಕ್ಕ

ಹಳೆಯ ಪಿಂಚಣಿಯವರು ತಪ್ಪದೆ ಗುರುತಿಟ್ಟುಕೊಳ್ಳಬೇಕಾದ ಇನ್ನೊಂದು ದಿನಾಂಕವಿದೆ. ಕೇಂದ್ರದ ನೌಕರರೊಬ್ಬರು 60ನೆಯ ವಯಸ್ಸಿನಲ್ಲಿ 60,000 ರೂಪಾಯಿ ಮೂಲವೇತನದಲ್ಲಿ ನಿವೃತ್ತರಾದರೆನ್ನಿ. ಪಿಂಚಣಿ 30,000. ಅದರಲ್ಲಿ ನೂರಕ್ಕೆ 40ರವರೆಗೆ, ಅಂದರೆ 12,000 ರೂಪಾಯಿಯನ್ನು ಪರಿವರ್ತಿಸಿ ಇಡುಗಂಟು ಪಡೆಯಬಹುದು. ಕೋಷ್ಟಕದಲ್ಲಿ ಆ ವಯಸ್ಸಿನ ಗುಣಕ 8.194. ಹನ್ನೆರಡು ತಿಂಗಳಿಂದಲೂ ಈ ಗುಣಕದಿಂದಲೂ ಗುಣಿಸಿದರೆ 11,79,936 ರೂಪಾಯಿ. ತಿಂಗಳ ಪಿಂಚಣಿ 18,000ಕ್ಕೆ ಇಳಿಯುತ್ತದೆ. ಆದರೆ ತುಟ್ಟಿಭತ್ಯೆಯನ್ನು ಕಟ್ಟುವುದು ಪೂರ್ತಿ 30,000ದ ಮೇಲೆ.

ಹಿಂದೆ ಹೀಗೆ ಕಡಿತವಾದದ್ದು ಜೀವಮಾನಪೂರ್ತಿ ಕಡಿತವೇ ಆಗಿತ್ತು. ‘ಕಾಮನ್ ಕಾಸ್’ ಸಂಸ್ಥೆಯ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು 15 ವರ್ಷವಾದ ಮೇಲೆ ಆ ಪಾಲು ಮರಳಬೇಕೆಂಬ ಅವಧಿಯನ್ನು ಒಪ್ಪಿತು. 75 ದಾಟಿದವರು ಮಾಡಬೇಕಾದ ಮೊದಲ ಕೆಲಸ ಪಾಸ್‌ಬುಕ್ ತೆರೆದು ಆ ಪಾಲು ಮರಳಿದೆಯೇ ಎಂದು ನೋಡುವುದು.

ಆದೇಶ ಓದುವ ಬಗೆ

ನಿಯಮಗಳು ಇನ್ನೂ ಬದಲಾಗುತ್ತವೆ. ಎಂಟನೆಯ ಕೇಂದ್ರ ವೇತನ ಆಯೋಗ 2025ರ ನವೆಂಬರ್‌ನಲ್ಲಿ ರಚನೆಯಾಯಿತು. ವರದಿಗೆ 18 ತಿಂಗಳ ಅವಧಿ. ಹೊಸ ಆದೇಶ ಬಂದಾಗ ಮೊತ್ತ ಎಷ್ಟೆಂದು ಹುಡುಕುವ ಮೊದಲು ಮೂರು ವಿಷಯ ನೋಡಬೇಕು: ಹೊರಡಿಸಿದವರು ಕೇಂದ್ರವೋ ರಾಜ್ಯವೋ, ಯಾವ ದಿನಾಂಕದಿಂದ ಜಾರಿ, ಯಾವ ದಿನಾಂಕದವರಿಗೆ ಅನ್ವಯ. ಆಮೇಲೆ ಮೊತ್ತ.

ಇಷ್ಟೆಲ್ಲ ದಿನಾಂಕಗಳ ನಡುವೆ ಮನೆಯಲ್ಲೇ ಮರೆತುಹೋಗುವ ದಿನಾಂಕವೊಂದಿದೆ. ಕೇಂದ್ರದ ನಿಯಮದಂತೆ 80 ತುಂಬಿದವರಿಗೆ ಮೂಲ ಪಿಂಚಣಿಯ ನೂರಕ್ಕೆ 20 ಹೆಚ್ಚುವರಿ, ಅದು ಏರುತ್ತಾ 100 ತುಂಬಿದವರಿಗೆ ಮೂಲ ಪಿಂಚಣಿಯಷ್ಟೇ ಇನ್ನೊಂದು ಪಿಂಚಣಿ. ಕುಟುಂಬ ಪಿಂಚಣಿಗೂ ಇದು ಅನ್ವಯ. ಆದರೆ ಹಳೆಯ ಪಿಂಚಣಿ ಪಾವತಿ ಆದೇಶಗಳಲ್ಲಿ ಎಷ್ಟೋ ಕಡೆ ಹೆಂಡತಿಯ ಜನ್ಮದಿನಾಂಕ ಬರೆದಿರುವುದಿಲ್ಲ. ಗಂಡ ಇರುವವರೆಗೆ ಆ ಖಾಲಿ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಆತ ಹೋದ ಮೇಲೆ ಎಂಬತ್ತು ದಾಟಿದ ಮುದುಕಿ ತನಗೆ ಎಂಬತ್ತಾಗಿದೆ ಎಂದು ಬ್ಯಾಂಕಿನ ಕಿಟಕಿಯ ಮುಂದೆ ನಿಂತು ಸಾಧಿಸಬೇಕಾಗುತ್ತದೆ. ಶಾಲೆಯ ದಾಖಲೆ ಇಲ್ಲದ ತಲೆಮಾರು ಅದು.

ನಕಾರಾ ಅವರು ತಮ್ಮ ದಿನಾಂಕಕ್ಕಾಗಿ ದೆಹಲಿಯ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಈ ದಿನಾಂಕಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಅಲಮಾರಿನಲ್ಲಿರುವ ಆದೇಶದ ಪ್ರತಿಯನ್ನು ಹೊರತೆಗೆದು ನೋಡಿ, ಜಾಗ ಖಾಲಿಯಿದ್ದರೆ ಇಬ್ಬರೂ ಇರುವಾಗಲೇ ಅರ್ಜಿ ಕೊಟ್ಟು ತುಂಬಿಸಿದರೆ ಸಾಕು.