ಕರಾವಳಿಯ ಬಸದಿಗಳಿಗೆ ಐದು ದಿನಗಳ ಯಾತ್ರೆ

(ಪಂಚಕಲ್ಯಾಣ ಮಹೋತ್ಸವದ ಕೊನೆಯ ದಿನ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಗರ್ಭಕಲ್ಯಾಣದಿಂದ ಮೋಕ್ಷಕಲ್ಯಾಣದವರೆಗಿನ ವಿಧಿಗಳು ಇಂದು ಮಂಗಲವಾಗಿವೆ. ಶಿಲ್ಪಿಯ ಕೈಯಲ್ಲಿದ್ದ ಶಿಲೆ ಈಗ ನಮ್ಮ ಪಾಲಿಗೆ ಸಾಕ್ಷಾತ್ ಜಿನೇಶ್ವರ. ಈ ಸಂತೋಷದಲ್ಲಿ ನಮ್ಮೂರಿನ ತರುಣರು ಬರುವ ಚಳಿಗಾಲದಲ್ಲಿ ಘಟ್ಟ ಇಳಿದು ಕರಾವಳಿಯ ಪ್ರಾಚೀನ ಬಸದಿಗಳನ್ನು ದರ್ಶಿಸಲು ಸಂಕಲ್ಪಿಸಿ, ಅದರ ಕ್ರಮವನ್ನು ತಿಳಿಸಬೇಕೆಂದು ನನ್ನನ್ನು ಕೇಳಿದ್ದಾರೆ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಅನೇಕ ವರ್ಷಗಳ ಹಿಂದೆ ನಾನೇ ಒಂದು ತಂಡವನ್ನು ಕರೆದೊಯ್ದಿದ್ದೆ. ಎರಡು ದಿನ, ಒಂಬತ್ತು ಕ್ಷೇತ್ರಗಳು! ವರಂಗದ ಕೆರೆಯ ದಂಡೆಯನ್ನು ತಲಪಿದಾಗ ಸೂರ್ಯ ಮುಳುಗಿದ್ದ. ದೋಣಿ ನಿಂತಿತ್ತು. ನೀರಿನ ನಡುವಣ ಬಸದಿಗೆ ದಡದಿಂದಲೇ ಕೈಮುಗಿದು ಹಿಂದಿರುಗಿದೆವು. ಊಟದ ವೇಳೆಯೂ ಮೀರಿದ್ದರಿಂದ ನಮ್ಮೊಡನಿದ್ದ ಹಿರಿಯರು ಆ ರಾತ್ರಿ ಹಸಿದೇ ಮಲಗಿದರು. ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. ಅದೇ ನನಗೆ ದೊಡ್ಡ ಶಿಕ್ಷೆಯಾಯಿತು. ಯಾತ್ರೆಯ ಲೆಕ್ಕವನ್ನು ಮೈಲಿಗಲ್ಲಿನಿಂದ ಮಾಡಬಾರದು, ಅಭಿಷೇಕದ ವೇಳೆಯಿಂದಲೂ ಸೂರ್ಯಾಸ್ತದಿಂದಲೂ ಮಾಡಬೇಕೆಂಬುದನ್ನು ಅಂದು ಕಲಿತೆ. ಆದುದರಿಂದ ನಾನು ಈಗ ಸೂಚಿಸುವ ಯಾತ್ರೆಗೆ ಐದು ದಿನಗಳು ಬೇಕು.

ಮೊದಲನೆಯ ದಿನ ಪೂರ್ತಿಯಾಗಿ ಮೂಡಬಿದಿರೆಗೆ ಮೀಸಲಿರಲಿ. ಅಲ್ಲಿ ಹದಿನೆಂಟು ಬಸದಿಗಳಿವೆ. ಸಾವಿರ ಕಂಬದ ಬಸದಿಯೆಂದು ಪ್ರಸಿದ್ಧವಾದ ತ್ರಿಭುವನ ತಿಲಕ ಚೂಡಾಮಣಿ ಬಸದಿ 1430ರದು. ಅರಸರ ಆಶ್ರಯದ ಜೊತೆಗೆ ಊರಿನ ವರ್ತಕ ಶ್ರಾವಕರ ದಾನವೂ ಅಲ್ಲಿ ಸೇರಿದೆ. ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲವೆಂದು ಜನ ಹೇಳುವುದನ್ನು ಮಕ್ಕಳು ತಾವೇ ನೋಡಿ ಪರೀಕ್ಷಿಸಲಿ. ಅನಂತರ ಗುರುಬಸದಿಗೆ ಹೋಗಬೇಕು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಗರಿಗಳು ಶತಮಾನಗಳ ಕಾಲ ಉಳಿದು ಬಂದದ್ದು ಈ ಊರಿನಲ್ಲಿ. 1939ರಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂದಿತು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಓದಲಾಗದ ಕಾಲದಲ್ಲಿಯೂ ಗರಿಗಳನ್ನು ಹುಳುವಿಗೆ ಬಿಡದೆ ಪೂಜಿಸಿ ಕಾಪಾಡಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರನ್ನು ನೆನೆಯದೆ ಆ ಊರನ್ನು ಬಿಡಬೇಡಿ.

ಎರಡನೆಯ ದಿನ ಬೆಳಗ್ಗೆ, ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ವೇಣೂರು. ಫಲ್ಗುಣೀ ನದಿಯ ತೀರದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದ ಮೂವತ್ತೈದು ಅಡಿಯ ಬಾಹುಬಲಿಸ್ವಾಮಿ ಅಲ್ಲಿದ್ದಾನೆ. 2024ರ ಮಹಾಮಸ್ತಕಾಭಿಷೇಕದಲ್ಲಿ ಆ ಸ್ವಾಮಿಯನ್ನು ಜನಸಾಗರದ ನಡುವೆ ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಈಗ ಯಾವ ಉತ್ಸವವೂ ಇಲ್ಲದ ಒಂದು ದಿನ ಹೋಗಿ ನೋಡಿ. ಸಂಜೆಯ ಊಟಕ್ಕೆ ಮುಂಚೆ ಕಾರ್ಕಳ ಸೇರಬೇಕು.

ಮೂರನೆಯ ದಿನ ಬಂಡೆ ಕಾಯುವ ಮೊದಲೇ ಕಾರ್ಕಳದ ಬೆಟ್ಟ ಹತ್ತಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬರಿಗಾಲಿನ ವೃದ್ಧರಿಗೆ ಅದು ಸಾಧ್ಯವಾಗದು. ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟನ ಎತ್ತರ ಸುಮಾರು ನಲವತ್ತೆರಡು ಅಡಿ. ಎದುರಿನ ಗುಡ್ಡದಲ್ಲಿ ಅದೇ ವಂಶದ ಇಮ್ಮಡಿ ಭೈರವನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿನಿಂದ ಬಂದವರಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ ಸಮಾನವಾಗಿ ದೊರೆಯುತ್ತದೆ. ಅಪರಾಹ್ನ ಹೊತ್ತಿರುವಾಗಲೇ ವರಂಗಕ್ಕೆ ಹೋಗಿ, ದೋಣಿಯಲ್ಲಿ ಕೆರೆಬಸದಿಯನ್ನು ಸೇರಿ, ನಾನು ಕಳೆದುಕೊಂಡ ದರ್ಶನವನ್ನು ನೀವು ಪಡೆಯಿರಿ.

ನಾಲ್ಕನೆಯ ದಿನ ಕುಂದಾಪುರದ ದಾರಿಯಾಗಿ ಉತ್ತರಕ್ಕೆ ಪಯಣ. ಭಟ್ಕಳದ ಪೇಟೆಯಲ್ಲಿ ಚಂದ್ರನಾಥ ಬಸದಿಯನ್ನು ನೋಡಿ, ಒಳನಾಡಿನ ಹಾಡುವಳ್ಳಿಗೆ ಹೋಗಬೇಕು. ಸಂಗೀತಪುರವೆಂದು ಶಾಸನಗಳು ಕೊಂಡಾಡುವ ರಾಜಧಾನಿ ಈಗ ಹಸುರಿನ ನಡುವಣ ಸಣ್ಣ ಹಳ್ಳಿ. ವೇಣೂರಿನ ಪ್ರತಿಷ್ಠೆಯಾದ 1604ರಲ್ಲಿಯೇ ಭಟ್ಟಾಕಳಂಕದೇವರು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದರು, ಅವರ ಗುರುಪರಂಪರೆ ಈ ಹಾಡುವಳ್ಳಿಯ ಮಠದ್ದು. ಕನ್ನಡಕ್ಕೆ ಅಂಥ ವ್ಯಾಕರಣವನ್ನು ಕೊಟ್ಟ ಪರಂಪರೆಯ ನೆಲ ಇದೆಂದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಐದನೆಯ ದಿನ ಹೊನ್ನಾವರದಿಂದ ಶರಾವತಿಯ ಮಗ್ಗುಲಲ್ಲಿ ಗೇರುಸೊಪ್ಪೆಗೆ ಹೋಗಿ, ನಗರಬಸ್ತಿಕೇರಿಯನ್ನು ಸೇರಬೇಕು. ಈ ಯಾತ್ರೆಯಲ್ಲಿ ಯಾವುದನ್ನು ಕೈಬಿಟ್ಟರೂ ಇದನ್ನು ಬಿಡಬೇಡಿ. ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ಯೆಂದು ಕರೆಯುತ್ತಿದ್ದರು. ಮೆಣಸಿನ ವ್ಯಾಪಾರದಿಂದ ಬೆಳೆದ ನಗರ ಅದು. ಹದಿನೇಳನೆಯ ಶತಮಾನದ ಆರಂಭದಲ್ಲಿ ರಾಜ್ಯ ಕೆಳದಿಯ ನಾಯಕರ ಕೈಸೇರಿತು, ಕ್ರಮೇಣ ನಗರ ಚದುರಿಹೋಯಿತು. ಒಂದು ಕಾಲಕ್ಕೆ ಪೇಟೆಯ ಗದ್ದಲ ಕೇಳುತ್ತಿದ್ದ ಚತುರ್ಮುಖ ಬಸದಿ ಇಂದು ಕಾಡಿನ ಮೌನದಲ್ಲಿ ನಿಂತಿದೆ.

ನಾನು ಅಲ್ಲಿಗೆ ಹೋದಾಗ ನಮ್ಮೊಡನಿದ್ದ ಒಬ್ಬ ಬಾಲಕಿ, “ಅಜ್ಜ, ಇಲ್ಲಿ ನಾಳೆ ಬೆಳಗ್ಗೆ ಅಭಿಷೇಕ ಮಾಡುವವರು ಯಾರು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬಂಧುಗಳೇ, ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಕಾರ್ಕಳದ ಭೈರರಸರ ರಾಜ್ಯವೂ ಅಳಿಯಿತು, ಗೇರುಸೊಪ್ಪೆಯ ರಾಜ್ಯವೂ ಅಳಿಯಿತು. ಎರಡೂ ಕಡೆ ಕಲ್ಲು ಗಟ್ಟಿಯಾಗಿಯೇ ಇತ್ತು, ಕಟ್ಟಿಸಿದವರ ಭಕ್ತಿಯೂ ಕಡಿಮೆಯಾಗಿರಲಿಲ್ಲ. ಆದರೆ ಕಾರ್ಕಳದಲ್ಲಿ ಮಠ ಉಳಿಯಿತು, ಶ್ರಾವಕರ ಮನೆಗಳು ಉಳಿದವು. ಆದ್ದರಿಂದ ದೀಪವೂ ಉಳಿಯಿತು. ಗೇರುಸೊಪ್ಪೆಯಲ್ಲಿ ಮನೆಗಳು ಖಾಲಿಯಾದ ಮೇಲೆ ಬಸದಿ ಒಂಟಿಯಾಯಿತು.

ಯಾತ್ರೆಗೆ ಹೊರಡುವ ಪ್ರತಿಯೊಬ್ಬ ಮಗುವಿನ ಕೈಯಲ್ಲಿಯೂ ಒಂದು ಪುಸ್ತಕವಿರಲಿ. ಪ್ರತಿ ಬಸದಿಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ: ಯಾವಾಗ ಕಟ್ಟಿದ್ದು? ಕಟ್ಟಿಸಿದವರು ಯಾರು? ಇಂದು ಪೂಜೆ ಯಾರಿಂದ ನಡೆಯುತ್ತಿದೆ? ಮೊದಲ ಎರಡಕ್ಕೆ ಶಾಸನ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಇಂದ್ರರನ್ನೋ, ನೆರೆಮನೆಯ ಶ್ರಾವಕರನ್ನೋ ಮಾತನಾಡಿಸಲೇಬೇಕು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಮಳೆಗಾಲವನ್ನು ಬಿಟ್ಟು, ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಿ. ವಸತಿಗೂ ಹೊತ್ತಿನ ಊಟಕ್ಕೂ ಮಠಗಳಿಗೆ ಮುಂಚಿತವಾಗಿ ತಿಳಿಸಿ. ನೀರು ಸೋಸುವ ಬಟ್ಟೆ, ಅಭಿಷೇಕಕ್ಕೆ ಮಡಿವಸ್ತ್ರ, ಅರ್ಘ್ಯಕ್ಕೆ ಅಕ್ಕಿ ಜೊತೆಯಲ್ಲಿರಲಿ. ದಿನಕ್ಕೆ ಎರಡು ಕ್ಷೇತ್ರಗಳಿಗಿಂತ ಹೆಚ್ಚು ಬೇಡ. ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಸಾಗರದ ದಾರಿಯಾಗಿ ಮನೆ ಸೇರಬಹುದು.

ಮನೆ ಸೇರಿದ ಮರುದಿನ ಆ ಪುಸ್ತಕದ ಕೊನೆಯ ಪುಟವನ್ನು ಈ ನಮ್ಮ ಬಸದಿಯಲ್ಲಿ ಕುಳಿತು ತುಂಬಿರಿ. ಪ್ರತಿಷ್ಠೆಯ ವರ್ಷವನ್ನೂ ದಾನಿಗಳ ಹೆಸರನ್ನೂ ಬಾಗಿಲ ಕಲ್ಲಿನಲ್ಲಿ ಕೆತ್ತಿಸಿದ್ದೇವೆ. ಮೂರನೆಯ ಪ್ರಶ್ನೆಗೆ ಕಲ್ಲಿನಲ್ಲಿ ಸ್ಥಳವಿಲ್ಲ. ನಾಳೆ ಚಪ್ಪರ ಬಿಚ್ಚುತ್ತಾರೆ, ನೆಂಟರು ಹೊರಡುತ್ತಾರೆ. ನಾಡಿದ್ದು ಬೆಳಗ್ಗೆ ಇಂದ್ರರೊಬ್ಬರೇ ಗಂಟೆ ಬಾರಿಸುವಂತಾಗಬಾರದು. ಪ್ರತಿಯೊಂದು ಮನೆಯವರೂ ತಿಂಗಳಿಗೆ ಒಂದು ದಿನದ ನಿತ್ಯಪೂಜೆಗೆ ಬಂದು ನಿಲ್ಲುವ ನಿಯಮವನ್ನು ಇಂದೇ ಸ್ವಾಮೀಜಿಯವರ ಸನ್ನಿಧಿಯಲ್ಲಿ ಸ್ವೀಕರಿಸಬೇಕೆಂದು ಕೈಮುಗಿದು ಬೇಡುತ್ತೇನೆ. ಆ ಬಾಲಕಿಯ ಪ್ರಶ್ನೆಗೆ ಈ ಊರಿನಲ್ಲಾದರೂ ಉತ್ತರವಿರಲಿ.

ಜೈ ಜಿನೇಂದ್ರ.