ಗುರುತಿಲ್ಲದ ಲಾರಿ ದಾರಿಯಲ್ಲಿ ನಿಂತರೆ
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ನಾನು ಬೆಂಗಳೂರು ದಂಡು ಪ್ರದೇಶದ ಮರ್ಫಿ ಟೌನಿನಲ್ಲಿ ಲಾರಿ ರಿಪೇರಿ ಮಾಡುವವನು. ಹಲಸೂರಿನ ಪಕ್ಕದ ನಮ್ಮ ಬಡಾವಣೆಯ ಹತ್ತಿರವೇ ಹಳೇ ಮದ್ರಾಸ್ ರಸ್ತೆ ಇದೆ. ಅದೇ ರಸ್ತೆ ಟಿನ್ ಫ್ಯಾಕ್ಟರಿ, ಕೆ.ಆರ್. ಪುರ, ಹೊಸಕೋಟೆ ದಾಟಿ ಕೋಲಾರಕ್ಕೆ ಹೋಗುತ್ತದೆ. ಆ ಕಡೆಯಿಂದ ಬರುವ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ನಮಗೆ ಕರೆ ಬರುತ್ತದೆ. ಹಾಲಿನ ಟ್ಯಾಂಕರುಗಳೂ ಅದರಲ್ಲಿ ಸೇರಿವೆ.

ಹಸು ಸಾಕುವ ನಮಗೆ ಲಾರಿಯ ವಿಷಯ ಏಕೆ ಎಂದು ತಾವು ಕೇಳಬಹುದು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಂದು ದೊಡ್ಡ ಟ್ಯಾಂಕರಿನಲ್ಲಿ 20,000 ಲೀಟರ್ ಹಾಲಿದೆ ಎಂದುಕೊಳ್ಳಿ. ಒಬ್ಬ ಸದಸ್ಯರು ದಿನಕ್ಕೆ 10 ಲೀಟರ್ ಹಾಕಿದರೆ ಅದು 2,000 ಮನೆಗಳ ಒಂದು ದಿನದ ದುಡಿಮೆ. ಹನಿ ಹನಿ ಕೂಡಿ ಹಳ್ಳವಾದ ಆ ಹಾಲು ಕೊನೆಗೆ ಒಬ್ಬ ಚಾಲಕನ ಕೈಯಲ್ಲಿದೆ. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿದಂದಿನಿಂದ, 1984ರಲ್ಲಿ ಅದು ಹಾಲು ಮಹಾಮಂಡಳವಾದ ನಂತರವೂ, ನಮ್ಮ ವ್ಯವಸ್ಥೆ ನಿಂತಿರುವುದು ಹಾಲು ಹೊತ್ತಿಗೆ ಸರಿಯಾಗಿ ಡೇರಿ ಮುಟ್ಟುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ. ನಿಮ್ಮ ಮನೆಯ ಮಕ್ಕಳೇ ಎಷ್ಟೋ ಜನ ಹಾಲಿನ ರೂಟ್ ಗಾಡಿಗಳನ್ನು ಓಡಿಸುತ್ತಿದ್ದಾರೆ. ಆದ್ದರಿಂದ ಇದು ನಿಮ್ಮದೇ ವಿಷಯ.

ದಿನವೂ ಓಡಿಸುವ ಗಾಡಿ ಕೆಟ್ಟರೆ ಚಾಲಕನಿಗೆ ಅದರ ಗುಣ ಗೊತ್ತಿರುತ್ತದೆ. ತೊಂದರೆ ಬರುವುದು ಬದಲಿ ಗಾಡಿಯಲ್ಲಿ. ರೂಟಿನ ಲಾರಿ ಎಫ್.ಸಿ.ಗೆ ಹೋಗಿರುತ್ತದೆ, ಬದಲಿಗೆ ಬಂದದ್ದು ಬೇರೆ ಕಂಪನಿಯದು, ಅದೂ ಮುಂದೆ ಎಳೆಯುವ ಗಾಡಿ, ಹಿಂದೆ ಬೇರೆ ಟ್ರೈಲರ್. ಗೇರ್ ಬೇರೆ, ಸ್ವಿಚ್ಚು ಬೇರೆ. ಇಂಥ ಗಾಡಿ ನಿಂತಾಗ ಹೇಗೆ ಯೋಚಿಸಬೇಕು ಎಂಬುದನ್ನಷ್ಟೇ ಇಂದು ಹೇಳುತ್ತೇನೆ. ತಮ್ಮನ್ನು ಮೆಕ್ಯಾನಿಕ್ ಮಾಡುವ ಉದ್ದೇಶ ನನ್ನದಲ್ಲ.

ಹೊಸದಾಗಿ ಕೊಂಡು ತಂದ ಹಸು ಮೇವು ಬಿಟ್ಟರೆ ತಾವು ಏನು ಮಾಡುತ್ತೀರಿ? ತಕ್ಷಣ ಇಂಜೆಕ್ಷನ್ ಕೊಡಿಸುವುದಿಲ್ಲ. ಮಾರಿದವರನ್ನು ಕೇಳುತ್ತೀರಿ, ನಿನ್ನೆ ಏನು ತಿಂದಿತ್ತು, ನೀರು ಕುಡಿಯಿತೇ ಎಂದು. ಸಗಣಿ ನೋಡುತ್ತೀರಿ, ಕಿವಿ ಮುಟ್ಟುತ್ತೀರಿ, ಮೆಲುಕು ಹಾಕುತ್ತಿದೆಯೇ ಎಂದು ಗಮನಿಸುತ್ತೀರಿ. ಲಾರಿಗೂ ಇದೇ ಕ್ರಮ. ಮೊದಲು ಕೇಳಿ, ನಂತರ ನೋಡಿ, ಆಮೇಲೆ ಕಿವಿಗೊಡಿ, ಕಡೆಗೆ ಕೈ ಹಾಕಿ. ಸ್ಪ್ಯಾನರ್ ಎಲ್ಲಕ್ಕಿಂತ ಕೊನೆಗೆ.

ಗಾಡಿ ನಿಂತ ಕೂಡಲೇ ಮಾಡಬೇಕಾದ ಮೊದಲ ಕೆಲಸ ರಿಪೇರಿಯಲ್ಲ. ಆದಷ್ಟು ಎಡಬದಿಗೆ ತೆಗೆದುಕೊಳ್ಳಿ. ನಾಲ್ಕೂ ಇಂಡಿಕೇಟರ್ ಹಾಕಿ. ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ. ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಕತ್ತಲಲ್ಲಿ ಆ ಕಲ್ಲಿಗೆ ಬೈಕಿನವರು ಬಿದ್ದು ಪ್ರಾಣ ಕಳೆದುಕೊಳ್ಳಬಹುದು.

ಎರಡನೆಯದಾಗಿ, ಕೊಟ್ಟವರಿಗೆ ಫೋನ್ ಮಾಡಿ ಕೇಳಿ. ಈ ಗಾಡಿಗೆ ಬ್ಯಾಟರಿ ಕಟ್ ಮಾಡುವ ಮೇನ್ ಸ್ವಿಚ್ ಎಲ್ಲಿದೆ? ಕ್ಲಚ್ ಒತ್ತದಿದ್ದರೆ ಸ್ಟಾರ್ಟ್ ಆಗುವುದಿಲ್ಲವೇ? ಈಚೆಗೆ ಏನಾದರೂ ಬಿಚ್ಚಿ ಜೋಡಿಸಿದ್ದಾರೆಯೇ? ಎಷ್ಟೋ ಸಲ ರೋಗ ಇರುವುದು ಕೊನೆಯ ಸಲ ಕೈಯಾಡಿಸಿದ ಜಾಗದಲ್ಲೇ.

ಈಗ ಒಂದೊಂದೇ ತೊಂದರೆಗೆ ಬರೋಣ.

ಸ್ಟಾರ್ಟ್ ಆಗುತ್ತಿಲ್ಲ

ಕೀಲಿ ತಿರುಗಿಸಿದಾಗ ಏನೂ ಸದ್ದಿಲ್ಲದಿದ್ದರೆ ಮೊದಲು ಮೇನ್ ಸ್ವಿಚ್ ನೋಡಿ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ನಂತರ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೇ, ಬಿಳಿ ಪುಡಿ ಕಟ್ಟಿದೆಯೇ ನೋಡಿ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಆಗಿರುತ್ತದೆ. ಸಹಾಯಕ್ಕೆಂದು ಊರಿನವರು ಟ್ರ್ಯಾಕ್ಟರಿನ ಒಂದು ಬ್ಯಾಟರಿ ತಂದು ವೈರ್ ಕೊಟ್ಟರೆ ಪ್ರಯೋಜನವಿಲ್ಲ, ಅಪಾಯವೂ ಹೌದು. 24 ವೋಲ್ಟಿನ ಇನ್ನೊಂದು ಲಾರಿಯಿಂದಲೇ ಕರೆಂಟು ತೆಗೆದುಕೊಳ್ಳಬೇಕು.

ಸೆಲ್ಫ್ ಚೆನ್ನಾಗಿ ತಿರುಗಿದರೂ ಎಂಜಿನ್ ಹಿಡಿಯದಿದ್ದರೆ ಡೀಸೆಲ್ ದಾರಿ ನೋಡಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಮುಳ್ಳನ್ನು ನಂಬಬೇಡಿ, ಗುರುತಿಲ್ಲದ ಗಾಡಿಯ ಮುಳ್ಳು ಸುಳ್ಳು ಹೇಳಬಹುದು. ನೀರು ಬೇರ್ಪಡಿಸುವ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ. ಏರ್ ಹಿಡಿದಿದ್ದರೆ ಫಿಲ್ಟರಿನ ಬಳಿಯ ಕೈಪಂಪ್ ಒತ್ತಿ ಗಟ್ಟಿಯಾಗುವ ತನಕ ಪಂಪ್ ಮಾಡಿ. ಆದರೆ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳ ನಟ್ಟನ್ನು, ಹಳೆಯ ಲಾರಿಯಲ್ಲಿ ಮಾಡಿದಂತೆ, ಎಂಜಿನ್ ತಿರುಗುವಾಗ ಸಡಿಲಿಸಬೇಡಿ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಆ ಪೈಪಿನ ಒತ್ತಡ 1,000 ಬಾರ್‌ಗೂ ಮೀರಿರುತ್ತದೆ. ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕು ಕೈಯನ್ನೇ ತೆಗೆಸಬೇಕಾದ ಸ್ಥಿತಿ ತರಬಹುದು.

ಸ್ಟಾರ್ಟ್ ಆಗಿದೆ, ಆದರೆ ಕದಲುತ್ತಿಲ್ಲ

ಹೊಸ ಚಾಲಕರು ಹೆಚ್ಚಾಗಿ ಮೋಸ ಹೋಗುವುದು ಇಲ್ಲಿ. ಎಂಜಿನ್ ಓಡುತ್ತಿದೆ, ಗೇರ್ ಬಿದ್ದಿದೆ, ಗಾಡಿ ಮಾತ್ರ ನೆಲ ಕಚ್ಚಿ ನಿಂತಿದೆ. ಕೂಡಲೇ ಕ್ಲಚ್ ಪ್ಲೇಟ್ ಹೋಯಿತು ಎಂದು ತೀರ್ಮಾನಿಸುತ್ತಾರೆ.

ದೊಡ್ಡ ಲಾರಿಯ ಹ್ಯಾಂಡ್ ಬ್ರೇಕ್ ಕೆಲಸ ಮಾಡುವ ಬಗೆಯೇ ಬೇರೆ. ಅಲ್ಲಿ ಬ್ರೇಕನ್ನು ಹಿಡಿಯುವುದು ಬಲವಾದ ಸ್ಪ್ರಿಂಗು, ಬಿಡಿಸುವುದು ಗಾಳಿ. ಗಾಳಿ ಇಲ್ಲದಿದ್ದರೆ ಸ್ಪ್ರಿಂಗು ತಾನಾಗಿಯೇ ಚಕ್ರವನ್ನು ಹಿಡಿದುಬಿಡುತ್ತದೆ. ಇದು ಕೆಡುಕಲ್ಲ, ನಮ್ಮ ಪ್ರಾಣ ಕಾಯಲು ಮಾಡಿದ ಏರ್ಪಾಟು. ಆದ್ದರಿಂದ ಮೊದಲು ಗಾಳಿಯ ಮುಳ್ಳು ನೋಡಿ. ಸಾಮಾನ್ಯವಾಗಿ 7-8 ಬಾರ್ ಇರಬೇಕು. ಏರದಿದ್ದರೆ ಎಂಜಿನ್ ನಿಲ್ಲಿಸಿ, ಸುತ್ತ ನಡೆಯುತ್ತ ಕಿವಿಗೊಟ್ಟು ಕೇಳಿ. ಬುಸ್ ಎನ್ನುವ ಸದ್ದು ಎಲ್ಲಿಂದ ಬರುತ್ತದೋ ರೋಗ ಅಲ್ಲಿದೆ. ಸದ್ದು ಸಣ್ಣದಾದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆ.

ಟ್ರೈಲರಿಗೆ ಹೋಗುವ ಗಾಳಿ ಪೈಪು ಎರಡು. ಕೆಂಪು ಬಣ್ಣದ್ದು ಸದಾ ಗಾಳಿ ಪೂರೈಸುವುದು, ಹಳದಿಯದು ಬ್ರೇಕ್ ಒತ್ತಿದಾಗ ಅಪ್ಪಣೆ ಒಯ್ಯುವುದು. ಕೆಂಪಿನಲ್ಲಿ ಗಾಳಿ ಹೋದರೆ ಟ್ರೈಲರಿನ ಬ್ರೇಕ್ ಹಿಡಿದುಕೊಳ್ಳುತ್ತದೆ. ಒಮ್ಮೆ ನಸುಕಿನಲ್ಲಿ ಟಿನ್ ಫ್ಯಾಕ್ಟರಿಯ ಬಳಿ ನಿಂತಿದ್ದ ಬದಲಿ ಟ್ಯಾಂಕರಿಗೆ ನಮ್ಮನ್ನು ಕರೆದರು. ಚಾಲಕನಿಗೆ ಗಾಡಿ ಹೊಸದು. ಆಕ್ಸಿಲರೇಟರ್ ಒತ್ತಿ ಒತ್ತಿ ಕ್ಲಚ್ ಸುಟ್ಟ ವಾಸನೆ ಆಗಲೇ ಶುರುವಾಗಿತ್ತು. ನೋಡಿದರೆ ಕೆಂಪು ಪೈಪಿನ ಜೋಡಣೆಯಲ್ಲಿ ಒಂದು ರಬ್ಬರ್ ವಾಷರ್ ಹರಿದಿತ್ತು. ವಾಷರ್ ಬದಲಿಸಿದೆವು, ಗಾಳಿ ಏರಿತು, ಗಾಡಿ ಹೊರಟಿತು. ಇನ್ನು ಹತ್ತು ನಿಮಿಷ ಒತ್ತಿದ್ದರೆ ಕ್ಲಚ್ಚೂ ಹೋಗುತ್ತಿತ್ತು, ಹೊತ್ತೂ ಹೋಗುತ್ತಿತ್ತು. ಅಂಥ ನಾಲ್ಕು ವಾಷರ್ ಚಾಲಕನ ಡಬ್ಬಿಯಲ್ಲಿ ಸದಾ ಇರಲಿ.

ಒಂದು ಎಚ್ಚರಿಕೆ. ಸ್ಪ್ರಿಂಗ್ ಬ್ರೇಕಿನ ಡಬ್ಬಿಯನ್ನು ದಾರಿಯಲ್ಲಿ ಯಾರೂ ಬಿಚ್ಚಕೂಡದು. ಒಳಗಿನ ಸ್ಪ್ರಿಂಗು ಸಿಡಿದರೆ ಎದುರಿಗಿದ್ದವರು ಉಳಿಯುವುದಿಲ್ಲ.

ಬಿಸಿ ಏರುತ್ತಿದೆ, ದೀಪ ಹತ್ತಿದೆ

ದೀಪಗಳ ಭಾಷೆ ಎಲ್ಲ ಕಂಪನಿಗೂ ಒಂದೇ. ಹಳದಿ ದೀಪ ಎಂದರೆ ಎಚ್ಚರದಿಂದ ಹೋಗಿ ತೋರಿಸು ಎಂದು. ಕೆಂಪು ದೀಪ ಎಂದರೆ ನಿಲ್ಲು ಎಂದು. ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ ಮುಂದಿನ ಬಂಕಿನವರೆಗೆ ಹೋಗೋಣ ಎನ್ನಬೇಡಿ, ಅಲ್ಲೇ ಎಂಜಿನ್ ನಿಲ್ಲಿಸಿ. ಬಿಸಿ ಏರಿದ ರೇಡಿಯೇಟರಿನ ಮುಚ್ಚಳವನ್ನು ಆರುವ ತನಕ ಮುಟ್ಟಬೇಡಿ. ಫ್ಯಾನ್ ಬೆಲ್ಟ್ ಇದೆಯೇ, ರೇಡಿಯೇಟರಿನ ಮುಂದೆ ಹೊಟ್ಟು, ಧೂಳು ಕಟ್ಟಿದೆಯೇ ನೋಡಿ. ಒಕ್ಕಣೆಯ ಕಾಲದಲ್ಲಿ ನಮ್ಮ ಹಳ್ಳಿ ರಸ್ತೆಯ ಮೇಲೆ ಹರಡಿದ ರಾಗಿ, ಹುರುಳಿಯ ಹೊಟ್ಟು ಅಲ್ಲಿಗೆ ಸೇರುತ್ತದೆ.

ಯಾವುದಾದರೂ ಒಂದು ಚಕ್ರದ ಬಳಿ ಮಾತ್ರ ಸುಟ್ಟ ವಾಸನೆ ಬಂದರೆ ಆ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ಹಬ್ಬಿನ ಹತ್ತಿರ ಅಂಗೈ ಹಿಡಿದರೆ ಶಾಖ ತಿಳಿಯುತ್ತದೆ, ಮುಟ್ಟುವುದು ಬೇಡ.

ಹೊಸ ಲಾರಿಯ ಹೊಸ ರೋಗಗಳು

2020ರ ಏಪ್ರಿಲ್ 1ರಿಂದ ಮಾರಾಟವಾದ ಲಾರಿಗಳು ಬಿ.ಎಸ್. 6 ನಿಯಮದವು. ಇವುಗಳಲ್ಲಿ ಹೊಗೆ ಶುದ್ಧಿ ಮಾಡಲು ನೀಲಿ ಮುಚ್ಚಳದ ಬೇರೆ ಟ್ಯಾಂಕ್ ಇರುತ್ತದೆ. ಅದಕ್ಕೆ ಹಾಕುವುದು 32.5 ಶೇಕಡ ಶುದ್ಧ ಯೂರಿಯಾ ಇರುವ ದ್ರಾವಣ. ಅದು ಮುಗಿದರೆ ಎಂಜಿನ್ನಿನ ಶಕ್ತಿ ತಾನಾಗಿಯೇ ಕುಗ್ಗುತ್ತದೆ. ಗಾಡಿ ಏರು ಹತ್ತುವುದಿಲ್ಲ, ಪಂಪು ಹೋಯಿತೆಂದು ಬಿಚ್ಚಲು ಹೊರಡುತ್ತಾರೆ. ಮೊದಲು ಆ ಟ್ಯಾಂಕ್ ನೋಡಿ.

ಇಲ್ಲಿ ನಮ್ಮ ರೈತರಿಗೆ ಎರಡು ಮಾತು. ಯೂರಿಯಾ ತಾನೇ ಎಂದು ಹೊಲಕ್ಕೆ ಹಾಕುವ ಬೇವು ಲೇಪಿತ ಗೊಬ್ಬರವನ್ನು ನೀರಿನಲ್ಲಿ ಕಲಸಿ ಸುರಿಯಬೇಡಿ. ಅದು ಇಡೀ ಶುದ್ಧೀಕರಣದ ಭಾಗಗಳನ್ನು ಹಾಳು ಮಾಡುತ್ತದೆ, ಖರ್ಚು ಭಾರಿ. ಇನ್ನೊಂದು ಇದಕ್ಕಿಂತ ದೊಡ್ಡದು. ಆ ದ್ರಾವಣದ ಖಾಲಿ ಕ್ಯಾನನ್ನು ತೊಳೆದು ಹಾಲಿಗೆ ಬಳಸಬೇಡಿ, ತುಂಬಿದ ಕ್ಯಾನನ್ನು ಹಾಲಿನ ಕ್ಯಾನಿನ ಪಕ್ಕ ಇಡಬೇಡಿ. ಹಾಲಿನಲ್ಲಿ ಯೂರಿಯಾ ಕಲಬೆರಕೆ ಎಂದು ಪರೀಕ್ಷೆಯಲ್ಲಿ ಕಂಡರೆ ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಹೆಸರು ಕೆಡುವುದು ಸಂಘದ್ದು.

ಇಂಥ ಗಾಡಿಗಳು ಹೊಗೆಯ ಮಸಿಯನ್ನು ಫಿಲ್ಟರಿನಲ್ಲಿ ಹಿಡಿದು ಆಗಾಗ ಸುಟ್ಟುಕೊಳ್ಳುತ್ತವೆ. ಆಗ ಸೈಲೆನ್ಸರ್ ಕೆಂಡದಂತೆ ಕಾದಿರುತ್ತದೆ. ಸಂಘದ ಮುಂದೆ ಒಣಹುಲ್ಲಿನ ಮೆದೆಯ ಪಕ್ಕ ಗಾಡಿ ನಿಲ್ಲಿಸಲು ಬಿಡಬೇಡಿ.

ಹಾಲಿನ ಟ್ಯಾಂಕರಿನ ವಿಶೇಷ

20,000 ಲೀಟರ್ ಹಾಲು ಎಂದರೆ 20 ಟನ್ನಿಗೂ ಹೆಚ್ಚು ತೂಕ. ಒಳಗೆ ತೊಳೆಯಲು ಅನುಕೂಲವಾಗಲೆಂದು ಹಾಲಿನ ಟ್ಯಾಂಕುಗಳನ್ನು ಸಾಮಾನ್ಯವಾಗಿ ನುಣುಪಾಗಿಯೇ ಬಿಡುತ್ತಾರೆ, ಅಲೆ ತಡೆಯುವ ಅಡ್ಡ ತಗಡು ಇರುವುದಿಲ್ಲ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಬ್ರೇಕ್ ಹಾಕಿದ ಮೇಲೂ ಹಾಲು ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುತ್ತದೆ. ಜಲ್ಲಿ ಹೊತ್ತು ಅಭ್ಯಾಸವಾದ ಚಾಲಕ ಇದನ್ನು ಬ್ರೇಕ್ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಕೆಟ್ಟಿಲ್ಲ, ನಿಧಾನ ಬೇಕು.

ಹೊರಡುವ ಮೊದಲು ಟ್ರೈಲರಿನ ಕೊಂಡಿ ಸರಿಯಾಗಿ ಕಚ್ಚಿದೆಯೇ ಎಂದು ಟಾರ್ಚ್ ಹಿಡಿದು ಕೆಳಗಿನಿಂದ ನೋಡಬೇಕು. ಟ್ರೈಲರ್ ಬ್ರೇಕ್ ಹಿಡಿದಿರುವಾಗಲೇ ಮೆಲ್ಲಗೆ ಮುಂದಕ್ಕೆ ಎಳೆದು ಪರೀಕ್ಷಿಸಬೇಕು. ಟ್ರೈಲರಿನ ಊರುಗಾಲುಗಳನ್ನು ಪೂರ್ತಿ ಮೇಲೆತ್ತಬೇಕು. ಕೆಟ್ಟ ಗಾಡಿಯನ್ನು ಎಳೆದೊಯ್ಯುವುದಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ. ಇಲ್ಲದಿದ್ದರೆ ಎಂಜಿನ್ ನಿಂತಿರುವಾಗ ಗೇರ್ ಬಾಕ್ಸಿನಲ್ಲಿ ಆಯಿಲ್ ಓಡಾಡದೆ ಒಳಗಿನದೆಲ್ಲ ಸವೆದುಹೋಗುತ್ತದೆ.

ಗಾಡಿ ನಿಂತಾಗ ಸದಸ್ಯರು ಏನು ಮಾಡಬೇಕು?

ಬಿ.ಎಂ.ಸಿ. ಕೇಂದ್ರದಲ್ಲಿ 4 ಡಿಗ್ರಿಗೆ ತಂಪು ಮಾಡಿ ಶಾಖ ತಡೆಯುವ ಟ್ಯಾಂಕಿಗೆ ತುಂಬಿದ ಹಾಲಿಗೆ ಸ್ವಲ್ಪ ಸಮಯವಿದೆ. ಹಾಲು ಹೇಗಿದೆಯೋ ನೋಡೋಣ ಎಂದು ಮುಚ್ಚಳ ತೆಗೆಯಬೇಡಿ. ಸೀಲು ಒಡೆಯಬೇಡಿ. ಬೇರೆ ಗಾಡಿಗೆ ವರ್ಗಾಯಿಸುವುದು ಒಕ್ಕೂಟದ ಸಿಬ್ಬಂದಿಯ ಎದುರಿನಲ್ಲೇ ಆಗಬೇಕು. ಮೊದಲ ಹತ್ತು ನಿಮಿಷದೊಳಗೆ ಒಕ್ಕೂಟಕ್ಕೆ ಸುದ್ದಿ ಮುಟ್ಟಿಸಿ. ಮೆಕ್ಯಾನಿಕ್‌ಗಿಂತ ಮೊದಲು ಈ ಫೋನು.

ಕ್ಯಾನಿನ ಹಾಲಿಗೆ ಅಷ್ಟು ಸಮಯವಿಲ್ಲ. ರೂಟ್ ಗಾಡಿ ಬರುವುದು ತಡ ಎಂದು ತಿಳಿದ ಕೂಡಲೇ ಕ್ಯಾನುಗಳನ್ನು ನೆರಳಿಗೆ ಸರಿಸಿ, ಒದ್ದೆ ಗೋಣಿ ಹೊದಿಸಿ, ಆಗಾಗ ನೀರು ಚಿಮುಕಿಸಿ. ಹಾಲಿಗೆ ಐಸ್ ಹಾಕಬೇಡಿ, ಸೋಡ ಹಾಕಬೇಡಿ. ನಿನ್ನೆ ಸಂಜೆಯ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಬೇಡಿ. ಒಂದು ಕ್ಯಾನು ಒಡೆದರೆ ಒಂದೇ ಕ್ಯಾನು ಹೋಗಲಿ, ಅದರ ಜೊತೆ ಹತ್ತು ಕ್ಯಾನು ಬೇಡ.

ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಬದಲಿ ಗಾಡಿ ಬಂದ ದಿನ ಚಾಲಕನಿಗೆ ಐದು ನಿಮಿಷ ಬಿಡುವು ಕೊಡಿ. ಗಾಳಿ, ಆಯಿಲ್, ನೀರು, ನೀಲಿ ಟ್ಯಾಂಕ್, ಕೊಂಡಿ ಇವಿಷ್ಟನ್ನು ಆತ ನೋಡಿಕೊಳ್ಳಲಿ. ಬೇಗ ಹೊರಡಪ್ಪ, ತಡವಾಯಿತು ಎಂದು ಅವಸರ ಮಾಡಬೇಡಿ. ಆತನೂ ದುಡಿಯುವ ಮನೆಯ ಮಗನೇ. ಕೆಟ್ಟ ಗಾಡಿಯ ಪಕ್ಕ ಒಬ್ಬನೇ ನಿಂತಿದ್ದರೆ ಬೈಯುವ ಬದಲು ಒಂದು ಲೋಟ ಕಾಫಿ ಕೊಟ್ಟು, ಟಾರ್ಚ್ ಹಿಡಿದು ಜೊತೆಗೆ ನಿಲ್ಲಿ. ಗಾಬರಿಯಾದ ಕೈ ಸರಿಯಿದ್ದ ನಟ್ಟನ್ನೇ ಬಿಚ್ಚುತ್ತದೆ.

ಹಸು ಕರೆದ ಕೈಯಿಂದ ಡೇರಿಯ ಬಾಗಿಲಿನವರೆಗೆ ಹಾಲು ದಾಟುವ ಕೈಗಳು ಹಲವು. ಆ ಕೈಗಳಲ್ಲಿ ಯಾವುದೊಂದೂ ಸೋಲದಂತೆ ನೋಡಿಕೊಳ್ಳುವುದೇ ಸಹಕಾರ.